ಹಳೇಬೀಡಿನಲ್ಲಿ ಜೀಪು, ಕೆನಡಾದಲ್ಲಿ ಇಡ್ಲಿ

ನಲವತ್ತು ದಾಟಿದವನು ವಿಡಿಯೋ ಗೇಮ್ ಆಡುತ್ತೇನೆ ಎಂದರೆ ಜನ ಎರಡು ಥರ ನೋಡುತ್ತಾರೆ. ಇವನಿಗೆ ಇನ್ನೂ ಬುದ್ಧಿ ಬಂದಿಲ್ಲ ಎನ್ನುವುದು ಒಂದು ನೋಟ. ಎಷ್ಟು ದುಡ್ಡು ಕಳಕೊಂಡ ಎನ್ನುವುದು ಇನ್ನೊಂದು. ಈ ಎರಡನೆಯದು ತಮಿಳುನಾಡಿನಲ್ಲಿ ಹೆಚ್ಚು. ಇಲ್ಲಿ ಕೆಲವು ವರ್ಷ ‘ಆನ್‌ಲೈನ್ ಗೇಮ್’ ಎಂದರೆ ದುಡ್ಡು ಕಟ್ಟಿ ಆಡುವ ರಮ್ಮಿ ಎಂದೇ ಅರ್ಥವಿತ್ತು. ಅದನ್ನು ತಡೆಯಲು ವಿಧಾನಸಭೆ 2022ರಲ್ಲಿ ಮಸೂದೆಯನ್ನೇ ಪಾಸು ಮಾಡಿತು. ನಾನು ಬರೆಯುತ್ತಿರುವುದು ಬೇರೆ ಜಾತಿಯ ಆಟಗಳ ಬಗ್ಗೆ. ಕತೆ ಇರುವ, ಶುರುವಾಗಿ ಮುಗಿಯುವ, ಒಳ್ಳೆಯ ಕಾದಂಬರಿ ಓದಿದ ಮೇಲೆ ಆಗುವಂತೆ ನಾಲ್ಕು ದಿನ ತಲೆಯಲ್ಲಿ ಕೂರುವ ಆಟಗಳು. ಚೆನ್ನೈಯಲ್ಲಿ ಕತ್ತಿರಿ ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಮನೆಯಿಂದ ಹೊರಗೆ ಕಾಲಿಡುವವರು ಕಡಿಮೆ. ಈ ಸಲದ ಶನಿವಾರ, ಭಾನುವಾರಗಳನ್ನು ನಾನೂ ಒಂಬತ್ತನೇ ಕ್ಲಾಸು ಮುಗಿಸಿದ ನನ್ನ ಮಗಳೂ ಸೋಫಾದ ಮೇಲೆ ಕಳೆದೆವು. ಆಡಿದ್ದರಲ್ಲಿ ಹೇಳಬೇಕೆನಿಸಿದ್ದು ಮೂರು ಆಟ.

ಮೊದಲನೆಯದು ಹಳತು. ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’, 2017ರದ್ದು, ಅಮೆರಿಕದ ನಾಟಿ ಡಾಗ್ ಕಂಪನಿ ಪ್ಲೇಸ್ಟೇಷನ್‌ಗಾಗಿ ಮಾಡಿದ್ದು. ಆಡದವರಿಗೂ ಇದು ಗೊತ್ತಿರಬೇಕಾದ ಕಾರಣ ಒಂದಿದೆ. ಜಗತ್ತಿನ ದೊಡ್ಡ ಬಜೆಟ್ಟಿನ ಆಟಗಳಲ್ಲಿ ನಮ್ಮ ಹೊಯ್ಸಳರು ಬಂದದ್ದು ಇದರಲ್ಲಿ. ಕ್ಲೋಯಿ ಫ್ರೇಜರ್ ಎಂಬ ನಿಧಿಗಳ್ಳಿ, ನಡೀನ್ ರಾಸ್ ಎಂಬ ಬಾಡಿಗೆ ಸೈನ್ಯದ ಮಾಜಿ ಒಡತಿ, ಇಬ್ಬರೂ ಗಣೇಶನ ಮುರಿದ ದಂತವನ್ನು ಹುಡುಕಿಕೊಂಡು ಪಶ್ಚಿಮ ಘಟ್ಟಕ್ಕೆ ಬರುತ್ತಾರೆ. ಹಿಂದೆಯೇ ಅಸಾವ್ ಎಂಬ ಬಂಡುಕೋರ ನಾಯಕ. ದಂತ ಅಡಗಿರುವುದು ಹೊಯ್ಸಳರ ನೆಲದಲ್ಲಿ. ಕ್ಲೋಯಿಯ ಅಪ್ಪ ಭಾರತೀಯ. ಇದೇ ದಂತದ ಗುಂಗಿನಲ್ಲಿ ಪ್ರಾಣ ಕಳಕೊಂಡವನು.

ನಾನು ಹಾಸನ ಸೀಮೆಯವನು. ನಮ್ಮ ಕಡೆ ಶಾಲೆಯ ಪ್ರವಾಸ ಎಂದರೆ ಬೇಲೂರು, ಹಳೇಬೀಡು. ಮುಂದಿನ ವರ್ಷದ ಪ್ರವಾಸ ಎಂದರೆ ಹಳೇಬೀಡು, ಬೇಲೂರು. ಹಾಗಿರುವಾಗ ಆ ಎರಡು ಹೆಸರನ್ನು ವಿದೇಶಿ ನಟಿಯ ಬಾಯಲ್ಲಿ ಕೇಳಿದಾಗ ಮೈ ಜುಮ್ ಎಂದದ್ದು ಸುಳ್ಳಲ್ಲ. ಮಗಳು ನನ್ನ ಮುಖ ನೋಡಿ ನಕ್ಕಳು. ಆಮೇಲೆ ಜೀಪು ಹತ್ತಿದೆವು.

ಹೌದು, ಜೀಪು. ಆಟದ ನಡುವಿನ ದೊಡ್ಡ ಭಾಗ ಘಟ್ಟದ ಕಾಡು, ಕೆಸರು, ಜಲಪಾತಗಳ ನಡುವೆ ಜೀಪು ಓಡಿಸುವುದು. ತ್ರಿಶೂಲ, ಬಿಲ್ಲು, ಪರಶು ಈ ಗುರುತುಗಳಿರುವ ಮೂರು ಕೋಟೆಗಳನ್ನು ಹುಡುಕಬೇಕು. ಬೇಕಿದ್ದವರು ಹನ್ನೊಂದು ಹೊಯ್ಸಳ ನಾಣ್ಯಗಳನ್ನೂ ಕೂಡಿಸಬಹುದು. ಇದು ಬಹಳ ಸೊಗಸಾಗಿದೆ, ಆ ಬಗ್ಗೆ ತಕರಾರಿಲ್ಲ. ಬೆಳಕು ಎಲೆಗಳ ನಡುವಿಂದ ಸೋರುವ ರೀತಿ, ಹಾವಸೆ ಹಿಡಿದ ಕಲ್ಲು, ಸಿಕ್ಕಿಬಿದ್ದ ಆನೆಯೊಂದನ್ನು ಬಿಡಿಸಿ ಅದರ ಬೆನ್ನೇರಿ ಹೋಗುವ ಇಬ್ಬರು ಹೆಂಗಸರು. ಆ ಆನೆಯ ದೃಶ್ಯ ಇಡೀ ಸರಣಿಯಲ್ಲೇ ಒಳ್ಳೆಯದು ಎನ್ನುತ್ತೇನೆ, ಯಾಕೆಂದರೆ ಅಲ್ಲಿ ಐದು ನಿಮಿಷ ಯಾರೂ ಯಾರನ್ನೂ ಕೊಲ್ಲುವುದಿಲ್ಲ.

ಆದರೆ ನೋಡಿ, ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರ್. ಕೆಂಪು ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಆಟದಲ್ಲಿ ನಡುವೆ ಪ್ರಪಾತ, ಸುರಂಗ, ಬೆಟ್ಟದೆತ್ತರದ ವಿಗ್ರಹಗಳು. ಭೂಗೋಳ ತಪ್ಪಿದ್ದಕ್ಕೆ ನಾನು ಕೋಪಿಸಿಕೊಳ್ಳುವುದಿಲ್ಲ. ಕಲ್ಪನೆಗೆ ಅಷ್ಟು ಸಲಿಗೆ ಇರಬೇಕು. ನನಗೆ ಚುಚ್ಚಿದ್ದು ಬೇರೆ. ಹೊಯ್ಸಳರ ಗುಡಿ ಎತ್ತರದಿಂದ ಹೆದರಿಸುವ ಕಟ್ಟಡವೇ ಅಲ್ಲ. ಹೊಯ್ಸಳೇಶ್ವರಕ್ಕೆ ಶಿಖರವೂ ಉಳಿದಿಲ್ಲ. ಅದು ತಗ್ಗಿ ಕೂತಿರುವ ಗುಡಿ. ಬಳಪದ ಕಲ್ಲಿನಲ್ಲಿ ಕೆತ್ತಿದ್ದು, ಮೂಗು ಹತ್ತಿರ ತಂದು ನೋಡಬೇಕಾದ್ದು. ಜಗತಿಯ ಮೇಲೆ ಬಲಕ್ಕೆ ಸುತ್ತು ಹಾಕುತ್ತ ಹೋದರೆ ಕೆಳಗೆ ಆನೆಗಳ ಸಾಲು, ಮೇಲೆ ಕುದುರೆ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನೀವು ನಡೆದರೆ ಕತೆ ಮುಂದೆ ಹೋಗುತ್ತದೆ, ನಿಂತರೆ ಕತೆ ನಿಲ್ಲುತ್ತದೆ. ಆಟ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ? ಹನ್ನೆರಡನೇ ಶತಮಾನದಲ್ಲೇ ಯಾರೋ ಲೆವೆಲ್ ಡಿಸೈನ್ ಮಾಡಿಟ್ಟಿದ್ದಾರೆ.

ಕಾದಂಬರಿಯನ್ನು ವಾಕ್ಯದಿಂದ ಅಳೆಯುತ್ತೇವೆ, ಸಿನಿಮಾವನ್ನು ಶಾಟ್‌ನಿಂದ. ಆಟವನ್ನು ಅಳೆಯಬೇಕಾದ್ದು ಕ್ರಿಯಾಪದದಿಂದ ಎಂದು ನನಗೆ ಅನಿಸುತ್ತದೆ. ಆಡುವವನ ಬೆರಳಿಗೆ ಅದು ಯಾವ ಕೆಲಸ ಕೊಡುತ್ತದೆ? ‘ಲಾಸ್ಟ್ ಲೆಗಸಿ’ಯ ಕ್ರಿಯಾಪದಗಳು ಹತ್ತು, ಜಿಗಿ, ನೇತಾಡು, ಗುಂಡು ಹಾರಿಸು. ನಡುವೆ ಒಂದು ಪುಟ್ಟ ಕ್ರಿಯಾಪದವೂ ಇದೆ: ಫೋನ್ ತೆಗೆದು ಫೋಟೊ ಹೊಡೆ. ಇವೇ ಕ್ರಿಯಾಪದಗಳನ್ನು ನೇಪಾಳಕ್ಕೆ ಒಯ್ಯಿ, ಮಡಗಾಸ್ಕರ್‌ಗೆ ಒಯ್ಯಿ, ಏನೂ ಬದಲಾಗುವುದಿಲ್ಲ. ಸರಣಿಯ ಹಿಂದಿನ ಆಟಗಳಲ್ಲಿ ಅವರು ಒಯ್ದೂ ಆಗಿದೆ. ಹೊಯ್ಸಳರು ಇಲ್ಲಿ ಗೋಡೆಗೆ ಅಂಟಿಸಿದ ವಾಲ್‌ಪೇಪರು. ಇಡೀ ಆಟದಲ್ಲಿ ಒಂದೇ ಒಂದು ಕನ್ನಡ ಮಾತು ನನ್ನ ಕಿವಿಗೆ ಬಿದ್ದ ನೆನಪಿಲ್ಲ. ಆ ಗುಡಿಗಳ ಶಿಲ್ಪಿಗಳು ತಮ್ಮ ಹೆಸರನ್ನು ಕನ್ನಡ ಅಕ್ಷರದಲ್ಲೇ ಕೆತ್ತಿ ಹೋಗಿದ್ದಾರೆ. ಸೋಮನಾಥಪುರಕ್ಕೆ ಹೋದವರು ಮಲ್ಲಿತಮ್ಮನ ಹೆಸರು ಕೇಳಿರುತ್ತೀರಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಈ ಆಟದ ಚಿತ್ರವನ್ನೇ ಹಾಕಿ ಹೆಮ್ಮೆಪಟ್ಟರು. ಹೆಮ್ಮೆ ಇರಲಿ, ಬೇಡ ಅನ್ನುವುದಿಲ್ಲ. ನಮ್ಮ ಮನೆಯ ಫೋಟೊ ಬೇರೆಯವರ ಮನೆಯ ಕ್ಯಾಲೆಂಡರಿನಲ್ಲಿ ಕಂಡಾಗ ಆಗುವ ಹೆಮ್ಮೆ ಅದು.

ಹೊರಗಿನವರು ಮಾಡಿದ್ದರಿಂದ ಹೀಗಾಯಿತು ಎಂದು ಹೇಳಿ ಕೈತೊಳೆದುಕೊಳ್ಳಲು ‘ಘೋಸ್ಟ್ ಆಫ್ ತ್ಸುಶಿಮಾ’ ಬಿಡುವುದಿಲ್ಲ. 2020ರ ಆಟ, ಮಾಡಿದ್ದು ಸಕ್ಕರ್ ಪಂಚ್, ಅದೂ ಅಮೆರಿಕದ ಕಂಪನಿಯೇ. 1274ರಲ್ಲಿ ಮಂಗೋಲರು ಜಪಾನಿನ ತ್ಸುಶಿಮಾ ದ್ವೀಪದ ಮೇಲೆ ಬಿದ್ದ ಕತೆ. ಅಲ್ಲಿ ಬೇಕಿದ್ದರೆ ಇಡೀ ಆಟವನ್ನು ಜಪಾನಿ ಮಾತಿನಲ್ಲಿ ಆಡಬಹುದು. ಕತ್ತಿ ಕಾಳಗ ಹೇರಳವಾಗಿದೆ, ಬೇಸರ ಬರುವಷ್ಟು. ಆದರೆ ನಡುನಡುವೆ ಒಂದು ಕಡೆ ಕೂತು, ಸುತ್ತ ನೋಡಿ, ಮೂರು ಸಾಲಿನ ಹೈಕು ಕಟ್ಟಬೇಕು. ದಾರಿ ತೋರಿಸುವುದು ಗಾಳಿ. ಅಂದರೆ ಆ ನೆಲದ ಕೆಲವು ಕ್ರಿಯಾಪದಗಳನ್ನಾದರೂ ಅವರು ಬೆರಳಿಗೆ ತಂದಿದ್ದಾರೆ. ಫಲವೂ ಕಂಡಿತು: 2020ರ ಚಂಡಮಾರುತದಲ್ಲಿ ದ್ವೀಪದ ದೇಗುಲವೊಂದರ ಹೆಬ್ಬಾಗಿಲು ಬಿದ್ದಾಗ ಅದನ್ನು ಮತ್ತೆ ನಿಲ್ಲಿಸಲು ಈ ಆಟ ಆಡಿದವರು ಚಂದಾ ಹಾಕಿದರು. ಮರುವರ್ಷ ಆಟದ ಇಬ್ಬರು ನಿರ್ದೇಶಕರನ್ನು ತ್ಸುಶಿಮಾ ತನ್ನ ಪ್ರವಾಸೋದ್ಯಮ ರಾಯಭಾರಿಗಳನ್ನಾಗಿ ಮಾಡಿಕೊಂಡಿತು.

ಇಲ್ಲೊಂದು ವೃತ್ತಿಯ ಮಾತು. ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಆಟ ಮುಗಿದ ಮೇಲೆ ಬರುವ ಹೆಸರುಗಳ ಪಟ್ಟಿಯನ್ನು ಕೊನೆವರೆಗೆ ನೋಡುವ ಚಾಳಿ. ದೊಡ್ಡ ಆಟಗಳ ಪಟ್ಟಿಯಲ್ಲಿ ನಮ್ಮ ಹೆಸರುಗಳು ಬರುತ್ತಲೇ ಇರುತ್ತವೆ, ಹೆಚ್ಚಾಗಿ ಹೊರಗುತ್ತಿಗೆ ಎಂಬ ತಲೆಬರಹದ ಕೆಳಗೆ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾದ ಕಂಪನಿ. ‘ಫೋರ್ಜಾ’ ಸರಣಿಯ ಕಾರುಗಳನ್ನು ಅಲ್ಲಿ ತಿದ್ದಿ ತೀಡಿದ್ದಾರೆ. 2019ರಲ್ಲಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಅಂದರೆ ಕೈಚಳಕಕ್ಕೆ ಬರವಿಲ್ಲ. ಬೇರೆಯವರ ಕಾರಿನ ಬಾಗಿಲಿನ ಹೊಳಪನ್ನು ಕೂದಲೆಳೆಯಷ್ಟೂ ತಪ್ಪದಂತೆ ಮಾಡಿಕೊಡುವ ಊರಿನಲ್ಲಿ, ಮಲ್ಲಿತಮ್ಮನಂತೆ ಹೆಸರು ಹಾಕಿಕೊಳ್ಳಬಹುದಾದ ಸ್ವಂತ ಕತೆಯ ಆಟ ಎಷ್ಟು ಬಂದಿವೆ? ಪುಣೆಯವರು 2020ರಲ್ಲಿ ‘ರಾಜಿ’ ಮಾಡಿದರು, ರಾಜಸ್ಥಾನದ ಕೋಟೆಗಳ ನಡುವೆ ತಮ್ಮನನ್ನು ಹುಡುಕುವ ಹುಡುಗಿಯ ಕತೆ. ಚಿತ್ರ ಚೆಂದ, ಹೊಡೆದಾಟ ಸಾಧಾರಣ. ನಮ್ಮವರು ಇನ್ನೂ ಡೆಲಿವರಿಯಲ್ಲಿದ್ದಾರೆ.

ಮೂರನೆಯದು ‘ವೆಣ್ಬಾ’. ಇದಕ್ಕಾಗಿಯೇ ಈ ಲೇಖನ ಬರೆಯಹೊರಟಿದ್ದು.

2023ರಲ್ಲಿ ಟೊರಾಂಟೊದ ವಿಸೈ ಗೇಮ್ಸ್ ಎಂಬ ಪುಟ್ಟ ತಂಡ ಹೊರತಂದ ಆಟ. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮರುವರ್ಷ ಬಾಫ್ಟಾದಲ್ಲಿ ಚೊಚ್ಚಲ ಆಟದ ಪ್ರಶಸ್ತಿ ಪಡೆಯಿತು. ವೆಣ್ಬಾ ಎನ್ನುವುದು ತಮಿಳಿನ ಒಂದು ಹಳೆಯ ಛಂದಸ್ಸು. ತಿರುಕ್ಕುರಳ್ ಇರುವುದು ಅದರ ಒಂದು ಬಗೆಯಲ್ಲಿ. ನಮ್ಮಲ್ಲಿ ಯಾರಾದರೂ ಮಗಳಿಗೆ ಷಟ್ಪದಿ ಎಂದು ಹೆಸರಿಟ್ಟ ಹಾಗೆ. ಗಂಡನ ಹೆಸರು ಪಾವಲನ್, ಅಂದರೆ ಕವಿ. ಕವಿ ಮತ್ತು ಛಂದಸ್ಸು ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋಗುತ್ತಾರೆ. ಕವಿನ್ ಎಂಬ ಮಗ ಹುಟ್ಟುತ್ತಾನೆ. ವೆಣ್ಬಾಳ ಹತ್ತಿರ ತನ್ನ ಅಮ್ಮನ ಅಡುಗೆ ಪುಸ್ತಕವಿದೆ. ಹರಿದಿದೆ, ಅಕ್ಷರ ಅಳಿಸಿದೆ. ಅಳಿಸಿಹೋದದ್ದನ್ನು ಊಹಿಸಿ ಅಡುಗೆ ಮಾಡುವುದೇ ಆಟ.

ಮೊದಲ ಅಡುಗೆ ಇಡ್ಲಿ. ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಒಂದರ ಮೇಲೊಂದು ಜೋಡಿಸಬೇಕು ಎನ್ನುವಂಥದ್ದು ಇಲ್ಲಿಯ ಒಗಟು. ಆಮೇಲೆ ಪುಟ್ಟು, ಬಿರಿಯಾನಿ, ದೋಸೆ. ಗುಂಡಿಲ್ಲ, ಅಂಕವಿಲ್ಲ, ಟೈಮರ್ ಇಲ್ಲ. ಕ್ರಿಯಾಪದಗಳು ಹುಯ್ಯಿ, ಮುಚ್ಚು, ಕಾಯಿ, ತೆಗೆ. ಎಣ್ಣೆಗೆ ಸಾಸಿವೆ ಬಿದ್ದಾಗಿನ ಸದ್ದನ್ನು ಇಷ್ಟು ಶ್ರದ್ಧೆಯಿಂದ ಯಾರಾದರೂ ಮುದ್ರಿಸಿದ್ದನ್ನು ನಾನು ಕೇಳಿಲ್ಲ. ಈ ಕ್ರಿಯಾಪದಗಳನ್ನು ಕಿತ್ತು ಬೇರೆ ಕತೆಗೆ ಅಂಟಿಸಲು ಆಗುವುದಿಲ್ಲ. ಇಡ್ಲಿ ಜೋಡಿಸುವ ಬೆರಳೂ ಕತೆ ಹೇಳುವ ಬಾಯಿಯೂ ಒಂದೇ ಆಗಿವೆ.

ಅರ್ಧ ದಾರಿಯಾದ ಮೇಲೆ ಆಟ ಒಂದು ಪೆಟ್ಟು ಕೊಡುತ್ತದೆ. ಬೆಳೆದ ಕವಿನ್ ಅಡುಗೆಗೆ ನಿಲ್ಲುತ್ತಾನೆ, ಈಗ ಆಡುವವರು ಅವನಾಗಬೇಕು. ಪುಸ್ತಕ ಅದೇ, ಆದರೆ ಅವನಿಗೆ ತಮಿಳು ಅರೆಬರೆ. ಅಷ್ಟು ಹೊತ್ತು ನಮಗೆ ಸರಾಗವಾಗಿ ಸಿಗುತ್ತಿದ್ದ ಸೂಚನೆಗಳು ಅವನ ಕೈಗೆ ಬಂದಾಗ ಅಲ್ಲಲ್ಲಿ ಕೈಕೊಡುತ್ತವೆ. ಎರಡನೇ ತಲೆಮಾರಿನ ಭಾಷೆಯ ನಷ್ಟದ ಬಗ್ಗೆ ಎಷ್ಟೋ ಕತೆ ಓದಿದ್ದೇವೆ, ಈ ಪತ್ರಿಕೆಯಲ್ಲೇ ಬಂದಿವೆ. ಅವು ಆ ನಷ್ಟವನ್ನು ಹೇಳುತ್ತವೆ. ಇಲ್ಲಿ ಅದೇ ಒಗಟಾಗಿ ಕೈಗೆ ಬರುತ್ತದೆ, ಅಡುಗೆ ನಿಂತುಹೋಗುತ್ತದೆ.

ನಮ್ಮ ಮನೆಯಲ್ಲಿ ಮಾತ್ರ ಈ ಜಾಗ ಬೇರೆ ಥರ ಆಯಿತು. ಕಂಟ್ರೋಲರ್ ನನ್ನ ಕೈಯಲ್ಲಿತ್ತು. ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಗಿದೆ, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತೇನೆ. ನಾನು ಪರದೆಯ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರೆ ಮಗಳು ತಮಿಳನ್ನು ಗಡಗಡ ಓದಿ ಮುಂದೇನು ಮಾಡಬೇಕೆಂದು ಹೇಳಿಬಿಟ್ಟಳು. ತಮಿಳು ಕಲಿಕೆಯ 2006ರ ಕಾಯ್ದೆಯ ದೆಸೆಯಿಂದ ಅವಳು ಒಂದನೇ ಕ್ಲಾಸಿನಿಂದ ತಮಿಳು ಓದಿದವಳು. “ಅಪ್ಪಾ, ನೀನೇ ಕವಿನ್” ಎಂದಳು.

ತಮಾಷೆಯಾಗಿಯೇ ಹೇಳಿದ್ದು. ನಾನು ಹದಿನಾಲ್ಕು ವರ್ಷದ ಹಿಂದೆ ಇಲ್ಲಿಯ ಅಂಗಡಿಯಲ್ಲಿ ಅರಿಶಿನ ಕೇಳಿದ್ದಕ್ಕೆ ಅಕ್ಕಿ ತೂಗಿಕೊಟ್ಟ ಕತೆಯನ್ನು ಅವಳು ಎಲ್ಲರಿಗೂ ಹೇಳುತ್ತಾಳೆ. ತಮಿಳಿನಲ್ಲಿ ಅರಿಸಿ ಎಂದರೆ ಅಕ್ಕಿ ತಾನೆ. ಆದರೆ ಹಾಸನದಿಂದ ಅವಳ ಅಜ್ಜಿ ಉಪ್ಪಿನಕಾಯಿ ಬಾಟಲಿಗೆ ಕಟ್ಟಿ ಕಳಿಸುವ ಚೀಟಿಯನ್ನು ಅವಳು ನನ್ನ ಕೈಗೇ ಕೊಡುತ್ತಾಳೆ. ಕನ್ನಡ ಮಾತಾಡುತ್ತಾಳೆ, ಚೆನ್ನಾಗಿಯೇ. ಓದುವಾಗ ಕವಿನ್ ಆಗುತ್ತಾಳೆ. ತಮಿಳು ಕಲಿತದ್ದು ಅವಳಿಗೆ ನಷ್ಟವಲ್ಲ, ದೊಡ್ಡ ಲಾಭ. ಇದನ್ನು ಕನ್ನಡ-ತಮಿಳು ಜಗಳ ಮಾಡುವವರು ಬೇರೆ ಕಡೆ ಹೋಗಬಹುದು. ನಾನು ಹೇಳುತ್ತಿರುವುದು ಇಷ್ಟೇ: ಆ ಆಟ ಕೆನಡಾದ ಒಂದು ಮನೆಗೆಂದು ಇಟ್ಟ ಒಗಟು ನಮ್ಮ ಶೋಲಿಂಗನಲ್ಲೂರಿನ ಫ್ಲಾಟಿನಲ್ಲಿ ಇಬ್ಬರನ್ನೂ ಬೇರೆ ಬೇರೆ ಕಡೆಯಿಂದ ಹಿಡಿಯಿತು.

‘ವೆಣ್ಬಾ’ದಲ್ಲಿ ಕೊರತೆ ಇಲ್ಲವೆಂದಲ್ಲ. ಒಗಟುಗಳು ಸಲೀಸು, ಇಡ್ಲಿ ಮಾಡಿ ಗೊತ್ತಿರುವ ಮನೆಯವರಿಗಂತೂ ಒಗಟೇ ಅಲ್ಲ. ಅದಕ್ಕಿಂತ ದೊಡ್ಡ ತಕರಾರು ತಾಯಿಯದು. ಅವಳು ಊರಿನಲ್ಲಿ ಟೀಚರ್ ಆಗಿದ್ದವಳು, ಹೊಸ ದೇಶದಲ್ಲಿ ಕೆಲಸಕ್ಕೆ ಪರದಾಡುತ್ತಾಳೆ. ಮಾತಿನಲ್ಲಿ ಅದು ಬಂದು ಹೋಗುತ್ತದೆ, ಬೆರಳಿಗೆ ಬರುವುದು ಮಾತ್ರ ಒಲೆ. ಅವಳು ಒಂದು ಪಾಠ ಮಾಡುವ ದೃಶ್ಯವನ್ನು ನಮ್ಮ ಕೈಯಲ್ಲಿ ಆಡಿಸಿದ್ದರೆ ಅವಳ ಕೈಯಿಂದ ಏನು ಹೋಯಿತು ಎನ್ನುವುದು ತಿಳಿಯುತ್ತಿತ್ತು. ಕೊನೆಯ ಭಾಗದಲ್ಲಿ ಮಗನ ಪಶ್ಚಾತ್ತಾಪವನ್ನು ಸ್ವಲ್ಪ ಹೆಚ್ಚೇ ಹಿಂಡಿದ್ದಾರೆ. ಹೆಂಡತಿ ಹಿಂದಿನಿಂದ ನೋಡುತ್ತಿದ್ದವಳು ಕಣ್ಣೊರೆಸಿಕೊಂಡಳು ಎನ್ನುವುದನ್ನೂ ನ್ಯಾಯವಾಗಿ ದಾಖಲಿಸಬೇಕು.

ಕನ್ನಡದಲ್ಲಿ ಇಂಥದ್ದೊಂದು ಬಂದರೆ ಅದು ಹಳೇಬೀಡಿನಿಂದ ಶುರುವಾಗುವುದು ಬೇಡ ಎಂದು ನನ್ನ ಕೋರಿಕೆ. ನಮ್ಮ ಕಡೆಯ ಮುದ್ದೆಯಿಂದ ಶುರುವಾಗಲಿ. ಕಂಟ್ರೋಲರಿನ ಹೆಬ್ಬೆರಳ ಗುಬುಟು ಇರುವುದೇ ಮುದ್ದೆ ಕೋಲು ತಿರುಗಿಸಲು ಅನ್ನುವ ಹಾಗಿದೆ: ಎಸರು ಕುದಿಯಬೇಕು, ಹಿಟ್ಟು ಸುರಿಯಬೇಕು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಗಂಟು ಒಡೆಯುವ ತನಕ ತಿರುವಬೇಕು, ಬಿಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಕಟ್ಟಬೇಕು. ಹಿಂದೆ ರೇಡಿಯೊದಲ್ಲಿ ಹಾಸನ ಆಕಾಶವಾಣಿ. ಈ ಯೋಚನೆಯನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿ, ಹಿಟ್ಟಿಗೆ ನೀರು ಎಷ್ಟು ಎಂದು ಕೇಳಿದೆ. “ಅದೇನು ಅಳತೇನೋ, ಕೈ ಅಂದಾಜು” ಎಂದರು. ಕೈ ಅಂದಾಜಿಗೆ ಕೋಡ್ ಬರೆಯಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ ಸಂಪಾದಕರಿಗೆ ತಿಳಿಸಿ. ಶೆಡ್ಯೂಲ್ ನಾನು ಹಾಕಿಕೊಡುತ್ತೇನೆ.