ಗದ್ದಲ ಯಾರದು, ನಿದ್ದೆ ಯಾರದು?

ಮೆಕ್ಸಿಕೊ ದೇಶದ ಪಶ್ಚಿಮ ಕರಾವಳಿಯಲ್ಲಿ ಸಿನಲೋವಾ ಎಂಬ ರಾಜ್ಯವಿದೆ. ಅಲ್ಲಿನ ಮಸಾತ್ಲಾನ್ ಪಟ್ಟಣದ ಕಡಲ ದಂಡೆಯಲ್ಲಿ 2024ರ ಮಾರ್ಚ್ ಕೊನೆಯ ವಾರ ಒಂದು ಜಗಳ ನಡೆಯಿತು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರವದು. ದಂಡೆ ಪ್ರವಾಸಿಗರಿಂದ ಕಿಕ್ಕಿರಿಯುವ ಸಮಯ. ತುತ್ತೂರಿ, ಟ್ಯೂಬಾ, ಕ್ಲಾರಿನೆಟ್ ಮತ್ತು ದೊಡ್ಡ ಡೋಲುಗಳನ್ನು ಹೊತ್ತು ಮರಳ ಮೇಲೆ ಅಲೆಯುವ ವಾದ್ಯತಂಡಗಳಿಂದ ತಮ್ಮ ಅತಿಥಿಗಳಿಗೆ ನೆಮ್ಮದಿಯಿಲ್ಲ ಎಂದು ಹೋಟೆಲ್ ಉದ್ಯಮಿಗಳು ದೂರಿದರು. ನಿರ್ಬಂಧದ ಮಾತು ಎದ್ದಿತು. ಮಾರ್ಚ್ 27ರಂದು ವಾದ್ಯಗಾರರು ವಾದ್ಯ ಬಾರಿಸುತ್ತಲೇ ಬೀದಿಗಿಳಿದರು. ಪೊಲೀಸರೊಂದಿಗೆ ಘರ್ಷಣೆಯೂ ಆಯಿತು. ದೇಶದ ತುಂಬ ಅದೇ ಚರ್ಚೆ. ಕೊನೆಗೆ ವಾದ್ಯ ನಿಲ್ಲಲಿಲ್ಲ.

‘ಬಾಂಡಾ’ ಎಂದು ಕರೆಯಲ್ಪಡುವ ಈ ಸಂಗೀತ ಸಿನಲೋವಾದ ಜನರ ಮನೆಮಾತು. ಈ ಪ್ರಕಾರದ ಅತ್ಯಂತ ಪ್ರಸಿದ್ಧ ತಂಡವಾದ ‘ಎಲ್ ರೆಕೋದೊ’ 1938ರಲ್ಲಿ ಹುಟ್ಟಿದ್ದು ಮಸಾತ್ಲಾನ್ ಹತ್ತಿರದ ಅದೇ ಹೆಸರಿನ ಹಳ್ಳಿಯಲ್ಲಿ. ಮೈಕಿನ ಹಂಗಿಲ್ಲದೆ ಬಯಲಿನಲ್ಲಿ ದೂರದವರಿಗೂ ಕೇಳಿಸಬೇಕಾದ ವಾದ್ಯಗಳಿವು. ಅವುಗಳನ್ನು ಮೆಲ್ಲಗೆ ಬಾರಿಸಿ ಎನ್ನುವುದು ಸುಲಭದ ಮಾತಲ್ಲ. ಹಾಡಿಗಿಷ್ಟು, ಗಂಟೆಗಿಷ್ಟು ಎಂದು ಪ್ರವಾಸಿಗರಿಂದ ಪಡೆಯುವ ಹಣವೇ ಈ ಬಡ ವಾದ್ಯಗಾರರ ಅನ್ನ. ಆದ್ದರಿಂದ ಈ ಜಗಳದಲ್ಲಿ ನಮ್ಮ ಸಹಾನುಭೂತಿ ಅವರ ಕಡೆಗೆ ವಾಲುವುದು ಸಹಜ. ನಮ್ಮದೂ ವಾಲಿತು. ಆದರೆ ಚರ್ಚೆ ಮುಂದುವರಿದಂತೆ ಅದರಲ್ಲಿ ಒಬ್ಬ ವ್ಯಕ್ತಿ ಕಾಣೆಯಾಗಿರುವುದು ನಮ್ಮ ಗಮನಕ್ಕೆ ಬಂತು. ಅವನು ಹೋಟೆಲಿನ ಅತಿಥಿಯಲ್ಲ, ವಾದ್ಯಗಾರನೂ ಅಲ್ಲ. ಸದ್ದಿನ ಪಕ್ಕದಲ್ಲೇ ಬಾಳಬೇಕಾದ, ಬೇರೆಲ್ಲೂ ಹೋಗಲಾರದ ನೆರೆಯವನು.

ಮೆಕ್ಸಿಕೊದ ಪಟ್ಟಣಗಳ ಗದ್ದಲದ ಕುರಿತು ಬರೆಯುವವರು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ‘ಅದು ಅವರ ಸಂಸ್ಕೃತಿ, ಸಹಿಸಿಕೊಳ್ಳಬೇಕು’ ಎನ್ನುವುದು ಒಂದು. ‘ಅವರಿಗೆ ನಾಗರಿಕ ಪ್ರಜ್ಞೆಯಿಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದು ಉದಾರವಾಗಿಯೂ ಎರಡನೆಯದು ಒರಟಾಗಿಯೂ ಕೇಳಿಸುತ್ತದೆ. ಆದರೆ ಎರಡೂ ಒಂದೇ ತಪ್ಪನ್ನು ಮಾಡುತ್ತವೆ. ಇಡೀ ಪಟ್ಟಣವೇ ಒಂದಾಗಿ ಸದ್ದು ಮಾಡುತ್ತಿದೆ ಎಂದು ಅವು ನಂಬಿವೆ. ನಿಜದಲ್ಲಿ ಕೆಲವರು ಸದ್ದು ಮಾಡುತ್ತಾರೆ, ಕೆಲವರು ಅದನ್ನು ಅನುಭವಿಸುತ್ತಾರೆ. ಈ ಎರಡನೆಯವರೂ ಮೆಕ್ಸಿಕೊದವರೇ ಎಂಬುದನ್ನು ಮರೆಯಬಾರದು.

ಮೊದಲಿಗೆ ನಾವು ಸದ್ದುಗಳನ್ನು ಬೇರ್ಪಡಿಸಿ ನೋಡಬೇಕು. ಮೆಕ್ಸಿಕೊ ನಗರದ ಓಣಿಗಳಲ್ಲಿ ಸಂಜೆ ಹೊತ್ತು ಗೆಣಸು ಮಾರುವವನ ತಳ್ಳುಗಾಡಿಯಿಂದ ಹಬೆಯ ಸೀಟಿ ಕೇಳಿಸುತ್ತದೆ. ಚಾಕು ಸಾಣೆ ಹಿಡಿಯುವವನು ಸಣ್ಣದೊಂದು ಪೀಪಿ ಊದಿಕೊಂಡು ಬರುತ್ತಾನೆ. ಗುಜರಿ ವ್ಯಾಪಾರಿಗಳ ವಾಹನಗಳಿಂದ ಹಳೆಯ ಹಾಸಿಗೆ, ಒಲೆ, ಫ್ರಿಜ್ಜು ಕೊಡಿ ಎಂದು ಕೂಗುವ ಪುಟ್ಟ ಹುಡುಗಿಯೊಬ್ಬಳ ಧ್ವನಿಮುದ್ರಣ ಹೊಮ್ಮುತ್ತದೆ. ಗುಜರಿ ವ್ಯಾಪಾರಿಯೊಬ್ಬ ಎರಡು ದಶಕಗಳ ಹಿಂದೆ ತನ್ನ ಮಗಳಿಂದ ಹೇಳಿಸಿದ ಆ ಕೂಗು ಇಂದು ಇಡೀ ದೇಶದಲ್ಲಿ ಹರಡಿದೆ. ಇವು ಹೊಟ್ಟೆಪಾಡಿನ ಸದ್ದುಗಳು. ಬರುತ್ತವೆ, ಹೋಗುತ್ತವೆ. ಆ ಕೂಗಿನಿಂದ ಮನೆಯಲ್ಲಿರುವ ಹೆಂಗಸಿಗೂ ಮುದುಕರಿಗೂ ಉಪಯೋಗವಿದೆ.

ಪಕ್ಕದ ಮನೆಯ ಮಗಳ 15ನೆಯ ಹುಟ್ಟುಹಬ್ಬಕ್ಕೆ ಬೀದಿಯನ್ನು ಅಡ್ಡಗಟ್ಟಿ, ಶಾಮಿಯಾನ ಕಟ್ಟಿ, ಆಳೆತ್ತರದ ಸ್ಪೀಕರುಗಳನ್ನು ಜೋಡಿಸಿ ಬೆಳಗಿನ ಜಾವದವರೆಗೂ ಬಾರಿಸುವ ಸದ್ದು ಬೇರೆ ಬಗೆಯದು. ಗಿರಾಕಿಗಳನ್ನು ಕರೆಯಲು ಅಂಗಡಿಯ ಬಾಗಿಲಿಗೇ ಸ್ಪೀಕರ್ ಇಟ್ಟು ಇಡೀ ದಿನ ಹಾಡು ಹಾಕುವುದೂ ಬೇರೆ ಬಗೆಯದು. ಅಲ್ಲಿನ ಸಾಮಾನ್ಯರ ಮನೆಗಳು ಹೆಚ್ಚಾಗಿ ಸಿಮೆಂಟ್ ಇಟ್ಟಿಗೆಯವು. ಗೋಡೆಗೆ ಗೋಡೆ ಅಂಟಿರುತ್ತದೆ, ಬಾಗಿಲು ನೇರವಾಗಿ ಬೀದಿಗೆ ತೆರೆಯುತ್ತದೆ. ಡೋಲಿನ ಮತ್ತು ಟ್ಯೂಬಾದ ತಗ್ಗಿನ ಸ್ವರಗಳು ಕಿವಿ ಮುಚ್ಚಿಕೊಂಡರೂ ಗೋಡೆಯ ಮೂಲಕ ಎದೆಗೆ ತಟ್ಟುತ್ತವೆ. ಹಣವಿದ್ದವರು ಎತ್ತರದ ಕಾಂಪೌಂಡಿನೊಳಗೆ, ಕಾವಲಿರುವ ಬಡಾವಣೆಗಳಲ್ಲಿ ವಾಸಿಸುತ್ತಾರೆ. ಹಣವಿಲ್ಲದವರು ಮರುದಿನ ನಸುಕಿನಲ್ಲಿ ಬಸ್ಸು ಹಿಡಿಯಬೇಕು. ನಿದ್ದೆಗೆಟ್ಟು ಹೋಗುತ್ತಾರೆ.

ಈ ವಿಷಯದ ಮೇಲೆ ಮೆಕ್ಸಿಕೊದ ಬಹುದೊಡ್ಡ ಲೇಖಕರೊಬ್ಬರ ಪ್ರಭಾವ ಇನ್ನೂ ಇದೆ. ಅವರು ಆಕ್ಟೇವಿಯೋ ಪಾಜ್. 1962ರಿಂದ 1968ರವರೆಗೆ ಭಾರತದಲ್ಲಿ ಮೆಕ್ಸಿಕೊದ ರಾಯಭಾರಿಯಾಗಿದ್ದವರು, 1990ರಲ್ಲಿ ನೊಬೆಲ್ ಪಡೆದವರು. 1950ರ ತಮ್ಮ ಪ್ರಸಿದ್ಧ ಪ್ರಬಂಧ ಗ್ರಂಥ ‘ಏಕಾಂತದ ಚಕ್ರವ್ಯೂಹ’ದಲ್ಲಿ ಅವರು ಹಬ್ಬದ ಗದ್ದಲಕ್ಕೆ ಒಂದು ಘನವಾದ ಅರ್ಥ ಕೊಟ್ಟರು. ವರ್ಷವಿಡೀ ಬಾಯಿ ಮುಚ್ಚಿಕೊಂಡು, ಮುಖವಾಡ ತೊಟ್ಟು ಬದುಕುವ ಮೆಕ್ಸಿಕನ್ ಮನುಷ್ಯ ಹಬ್ಬದ ರಾತ್ರಿ ಕೂಗಿ, ಹಾಡಿ, ಪಟಾಕಿ ಸಿಡಿಸಿ ತನ್ನ ಒಂಟಿತನವನ್ನು ಒಡೆದುಕೊಳ್ಳುತ್ತಾನೆ ಎಂಬುದು ಅವರ ವಾದ. ಮಿತ್ಲಾ ಸಮೀಪದ ಬಡ ಹಳ್ಳಿಯೊಂದರ ಆಡಳಿತದ ಮುಖ್ಯಸ್ಥನನ್ನು ಅವರು ಆದಾಯ ಎಷ್ಟು, ಖರ್ಚು ಯಾವುದಕ್ಕೆ ಎಂದು ಕೇಳುತ್ತಾರೆ. ಹೆಚ್ಚಿನದೆಲ್ಲ ಹಬ್ಬಗಳಿಗೇ ಹೋಗುತ್ತದೆ, ಊರು ಚಿಕ್ಕದಾದರೂ ಅದನ್ನು ಕಾಯುವ ಸಂತರು ಇಬ್ಬರು ಎಂದು ಆತ ಹೇಳುತ್ತಾನೆ.

ಪಾಜ್ ಅವರ ಈ ಓದಿನಲ್ಲಿ ಸತ್ಯವಿದೆ. ಬಡವನ ಹಬ್ಬವನ್ನು ದುಂದುವೆಚ್ಚ ಎಂದು ಹೀಗಳೆಯುವವರ ಬಾಯಿ ಮುಚ್ಚಿಸುವ ಶಕ್ತಿ ಅದಕ್ಕಿದೆ. ಆದರೆ ಅದರ ಮಿತಿಯನ್ನೂ ಹೇಳಬೇಕು. ಅವರು ಹಬ್ಬವನ್ನು ಕೂಗುವವನ ಒಳಗಿನಿಂದ ನೋಡುತ್ತಾರೆ. ಪಕ್ಕದ ಮನೆಯಲ್ಲಿ ಮಲಗಿರುವ ರೋಗಿ, ಹಾಲೂಡಿಸುವ ತಾಯಿ, ರಾತ್ರಿ ಪಾಳಿ ಮುಗಿಸಿ ಬಂದ ಕೂಲಿಯವನು ಆ ಚಿತ್ರದಲ್ಲಿ ಬರುವುದಿಲ್ಲ. ಅವರು ಬರೆದದ್ದು ವರ್ಷಕ್ಕೆ ಕೆಲವು ದಿನಗಳ ಹಬ್ಬದ ಬಗ್ಗೆ. ವಿದ್ಯುತ್ ಸ್ಪೀಕರು ಅಗ್ಗವಾದ ಮೇಲೆ ಯಾವ ವಾರವನ್ನೂ ಹಬ್ಬವಾಗಿಸಬಹುದು. ಒಬ್ಬನ ಒಂಟಿತನ ಒಡೆಯುವ ಸದ್ದು ಇನ್ನೊಬ್ಬನನ್ನು ತನ್ನ ಮನೆಯಲ್ಲೇ ಸೆರೆಯಾಗಿಸಿದರೆ ಅದನ್ನು ಏನೆಂದು ಕರೆಯಬೇಕು? ಪಾಜ್ ಅವರ ಮಾತನ್ನು ಇಂದು ಅನುಕೂಲಕ್ಕೆ ಬಳಸುವವರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ.

ಹಾಗಾದರೆ ಕಾನೂನು ಇಲ್ಲವೇ? ಇದೆ. 1994ರ ರಾಷ್ಟ್ರೀಯ ಮಾನದಂಡವನ್ನು 2013ರಲ್ಲಿ ತಿದ್ದಲಾಯಿತು. ವಸತಿ ಪ್ರದೇಶದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ರಾತ್ರಿ 50 ಡೆಸಿಬಲ್ ಎಂಬ ಮಿತಿ ಅದರಲ್ಲಿದೆ. ಆದರೆ ಸಮಾರಂಭ, ಉತ್ಸವ, ಮನರಂಜನಾ ಕಾರ್ಯಕ್ರಮಗಳಿಗೆ 4 ಗಂಟೆಗಳ ಕಾಲ 100 ಡೆಸಿಬಲ್‌ವರೆಗೆ ಅವಕಾಶವಿದೆ. ಡೆಸಿಬಲ್ ಲೆಕ್ಕದಲ್ಲಿ ಪ್ರತಿ 10ಕ್ಕೆ ಸದ್ದಿನ ಶಕ್ತಿ 10 ಪಟ್ಟಾಗುತ್ತದೆ. ಅಂದರೆ 50ಕ್ಕೂ 100ಕ್ಕೂ ಇರುವ ಅಂತರ ಎರಡು ಪಟ್ಟಲ್ಲ, ಒಂದು ಲಕ್ಷ ಪಟ್ಟು! ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿಗೆ ಸೂಚಿಸಿದ ರಾತ್ರಿಯ ಹೊರಾಂಗಣ ಮಿತಿ 40 ಡೆಸಿಬಲ್. ನಿದ್ದೆ ಕೆಡಿಸುವ ಸದ್ದು ರಕ್ತದೊತ್ತಡವನ್ನೂ ಹೃದಯವನ್ನೂ ಬಾಧಿಸುತ್ತದೆ ಎಂಬ ಕಾರಣಕ್ಕೆ ಈ ಎಚ್ಚರಿಕೆ.

ಕಾಗದದ ಮೇಲಿನ ಮಿತಿಯನ್ನು ಬೀದಿಯಲ್ಲಿ ಜಾರಿಗೆ ತರಬೇಕಾದದ್ದು ಹೆಚ್ಚಾಗಿ ಪುರಸಭೆ. ಸಮಾರಂಭಕ್ಕೆ ಅನುಮತಿ ಕೊಡುವುದೂ ಅದೇ, ಅದಕ್ಕೆ ಶುಲ್ಕ ಪಡೆಯುವುದೂ ಅದೇ, ದೂರು ಬಂದಾಗ ಪೊಲೀಸರನ್ನು ಕಳಿಸಬೇಕಾದದ್ದೂ ಅದೇ. ಪುರಸಭೆಯ ಅವಧಿ ಮೂರು ವರ್ಷ. ಹಬ್ಬ ನಿಲ್ಲಿಸಿದವರು ಎಂಬ ಹೆಸರು ಹೊತ್ತು ಚುನಾವಣೆಗೆ ಹೋಗಲು ಯಾವ ಅಧ್ಯಕ್ಷನೂ ಇಷ್ಟಪಡುವುದಿಲ್ಲ. ದೂರು ಕೊಟ್ಟವನಿಗೋ ಮರುದಿನ ಅದೇ ನೆರೆಯವನ ಮುಖ ನೋಡಬೇಕಾದ ಸಂಕಟ. ಶಸ್ತ್ರಧಾರಿ ಗುಂಪುಗಳ ಹಿಡಿತವಿರುವ ಊರುಗಳಲ್ಲಿ ‘ಸ್ವಲ್ಪ ಸದ್ದು ಕಡಿಮೆ ಮಾಡಿ’ ಎಂದು ಕೇಳುವುದಕ್ಕೂ ಎದೆಗಾರಿಕೆ ಬೇಕು. ಹೀಗೆ ಜನ ಸುಮ್ಮನಿರುತ್ತಾರೆ. ಆ ಸುಮ್ಮನಿರುವಿಕೆಯನ್ನೇ ಹೊರಗಿನವರು ‘ಅವರಿಗೆ ಅಭ್ಯಾಸವಾಗಿದೆ’ ಎಂದು ಓದುತ್ತಾರೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಕಾನೂನು ಏಳುವಾಗ ಯಾರ ಮೇಲೆ ಏಳುತ್ತದೆ? ಮೆಕ್ಸಿಕೊ ನಗರದ ಸಾಂತಾ ಮರಿಯಾ ಲಾ ರಿಬೇರಾ ಬಡಾವಣೆಯ ಉದ್ಯಾನದಲ್ಲಿ ಸುಂದರವಾದ ಕಬ್ಬಿಣದ ಮಂಟಪವೊಂದಿದೆ. ಸ್ಪೇನಿನ ಮುಸ್ಲಿಮರ ವಾಸ್ತುಶೈಲಿಯನ್ನು ಅನುಸರಿಸಿ ಕಟ್ಟಿದ ಇದು 1884ರಲ್ಲಿ ಆರಂಭವಾದ ನ್ಯೂ ಆರ್ಲಿಯನ್ಸ್ ವಸ್ತುಪ್ರದರ್ಶನದಲ್ಲಿ ಮೆಕ್ಸಿಕೊವನ್ನು ಪ್ರತಿನಿಧಿಸಿತ್ತು. ಆ ಮಂಟಪದ ಸುತ್ತ ‘ಸೊನಿದೆರೊ’ ಎಂಬ ಬೀದಿ ಧ್ವನಿವರ್ಧಕದವರು ಹಾಡು ಹಾಕುತ್ತಿದ್ದರು, ಬಡಾವಣೆಯ ವೃದ್ಧರು ಕೂಡಿ ನರ್ತಿಸುತ್ತಿದ್ದರು. 2023ರ ಆರಂಭದಲ್ಲಿ ನಿವಾಸಿಗಳ ದೂರನ್ನು ಮುಂದಿಟ್ಟು ಸ್ಥಳೀಯ ಆಡಳಿತ ಇದನ್ನು ತಡೆಯಿತು. ವೃದ್ಧರು ಮತ್ತು ಅವರ ಬೆಂಬಲಿಗರು ಅಲ್ಲೇ ನರ್ತಿಸಿ ಪ್ರತಿಭಟಿಸಿದರು. ಬಡಾವಣೆಯಲ್ಲಿ ಬಾಡಿಗೆ ಏರುತ್ತಿದೆ, ಹೊಸ ಸ್ಥಿತಿವಂತರು ಬರುತ್ತಿದ್ದಾರೆ, ಅದಕ್ಕಾಗಿ ಹಳಬರನ್ನು ಬದಿಗೆ ಸರಿಸಲಾಗುತ್ತಿದೆ ಎಂಬುದು ಅನೇಕರ ಆರೋಪವಾಗಿತ್ತು. ಹಗಲಿನಲ್ಲಿ ಮುದುಕರು ಕುಣಿಯುವ ಸಾರ್ವಜನಿಕ ಉದ್ಯಾನವನ್ನೂ ನಡುರಾತ್ರಿ ಮಲಗುವ ಕೋಣೆಗೆ ನುಗ್ಗುವ ಸ್ಪೀಕರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸದ್ದಿನ ಪ್ರಮಾಣವನ್ನು ತಗ್ಗಿಸಲಾರದ ಆಡಳಿತಗಳು ಹಾಡಿನ ಪದಗಳ ಮೇಲೆ ಕೈಯಿಡುವುದೂ ಉಂಟು. ಮಾದಕ ವಸ್ತು ದಂಧೆಯವರನ್ನು ವೈಭವೀಕರಿಸುವ ಹಾಡುಗಳನ್ನು ಸಾರ್ವಜನಿಕವಾಗಿ ಹಾಡಬಾರದೆಂದು ಗಡಿನಗರ ಟಿಜುವಾನಾದ ನಗರಸಭೆ 2023ರ ನವೆಂಬರ್‌ನಲ್ಲಿ ನಿರ್ಣಯಿಸಿತು. ಆ ಹಾಡುಗಳ ಪರವಾಗಿ ನಾವು ವಾದಿಸುವುದಿಲ್ಲ. ಕೊಲೆಗಾರರನ್ನು ಯುವಕರ ಕಣ್ಣಲ್ಲಿ ನಾಯಕರನ್ನಾಗಿಸುವ ಕಲೆ ಸಮಾಜಕ್ಕೆ ಕೇಡು. ಆದರೆ ರಾತ್ರಿ ಎರಡು ಗಂಟೆಗೆ ಕಿಟಕಿ ನಡುಗಿಸುವುದು ಪ್ರೇಮಗೀತೆಯಾದರೂ ಮಗು ಬೆಚ್ಚಿ ಏಳುತ್ತದೆ.

ಇನ್ನು ಅಮೆರಿಕ, ಕೆನಡಾಗಳಿಂದ ಬಂದು ನೆಲೆಸಿದ ನಿವೃತ್ತರ ವಿಚಾರ. ಚಪಾಲಾ ಸರೋವರದ ದಂಡೆಯ ಅಹಿಹಿಕ್, ಗುವಾನಹುವಾತೊ ರಾಜ್ಯದ ಸ್ಯಾನ್ ಮಿಗೆಲ್ ದೆ ಅಯೆಂದೆ ಇಂತಹ ಊರುಗಳು. ಅಹಿಹಿಕ್‌ನಲ್ಲಿ ಸಂತ ಆಂದ್ರೇಯನ ಉತ್ಸವ ನವೆಂಬರ್ 30ರವರೆಗೆ 9 ದಿನ ನಡೆಯುತ್ತದೆ. ಸ್ಯಾನ್ ಮಿಗೆಲ್‌ನಲ್ಲಿ ಸೆಪ್ಟೆಂಬರ್ ಕೊನೆಯ ಉತ್ಸವದ ದಿನ ನಸುಕಿನ ನಾಲ್ಕಕ್ಕೇ ಸಿಡಿಮದ್ದು ಶುರು. ಇವರಲ್ಲಿ ಕೆಲವರು ದೂರುತ್ತಾರೆ, ಕೆಲವರು ಗದ್ದಲವನ್ನು ಬಣ್ಣಿಸಿ ಆನಂದಿಸುತ್ತಾರೆ. ಅಗ್ಗದ ಜೀವನ ಬಯಸಿ ಬಂದವರು ಶತಮಾನಗಳ ಊರಹಬ್ಬವನ್ನು ತಮ್ಮ ನಿದ್ದೆಗೆ ತಕ್ಕಂತೆ ತಿದ್ದಹೊರಡುವುದು ದರ್ಪ. ಆದರೆ ‘ದೂರುವವರೆಲ್ಲ ವಿದೇಶೀಯರು’ ಎಂಬ ಮಾತೂ ಸುಳ್ಳು. ಯುಕಾತಾನ್‌ನ ಮೆರಿದಾ ನಗರದ ಹಳೆಯ ಪೇಟೆಯ ನಿವಾಸಿಗಳು ಬಾರುಗಳ ರಾತ್ರಿ ಸದ್ದಿನ ವಿರುದ್ಧ ವರ್ಷಗಳಿಂದ ದನಿಯೆತ್ತಿದ್ದಾರೆ. ಮೆಕ್ಸಿಕೊ ನಗರದ ಪರಿಸರ ಪ್ರಾಧಿಕಾರಕ್ಕೆ ಬರುವ ದೂರುಗಳಲ್ಲಿ ಸದ್ದಿನದು ದೊಡ್ಡ ಪಾಲು. ವಿದೇಶೀಯನ ದರ್ಪವನ್ನು ತೋರಿಸಿ ಸ್ವದೇಶಿ ನೆರೆಯವನ ಬಾಯಿ ಮುಚ್ಚಿಸುವುದು ಜಾಣತನದ ಅನ್ಯಾಯ.

ನಮ್ಮ ಓದುಗರಿಗೆ ಈ ಪ್ರಶ್ನೆ ಅಪರಿಚಿತವಲ್ಲ. ದನಿ ತಗ್ಗಿಸಿ ಮಾತಾಡು ಎಂದು ಲುಕ್ಮಾನರು ಮಗನಿಗೆ ಕೊಟ್ಟ ಉಪದೇಶ ಕುರ್‌ಆನಿನಲ್ಲಿದೆ. ಮಸೀದಿಯಲ್ಲಿ ಕೆಲವರು ಗಟ್ಟಿಯಾಗಿ ಪಾರಾಯಣ ಮಾಡುತ್ತಿದ್ದಾಗ, ಒಬ್ಬರ ದನಿಯಿಂದ ಇನ್ನೊಬ್ಬರಿಗೆ ತೊಂದರೆಯಾಗಬಾರದೆಂದು ಪ್ರವಾದಿ(ಸ)ರವರು ತಡೆದುದು ಹದೀಸ್‌ಗಳಲ್ಲಿ ವರದಿಯಾಗಿದೆ. ಪವಿತ್ರ ವಚನಕ್ಕೇ ಈ ಮಿತಿಯಿದ್ದರೆ ಉಳಿದ ಸದ್ದುಗಳ ಪಾಡೇನು? ಅದರೊಂದಿಗೆ ನೆರೆಯವನ ಹಕ್ಕಿನ ಬೋಧನೆಯನ್ನೂ ನೆನೆಯಬೇಕು. ನೆರೆಯವನು ಯಾವ ಧರ್ಮದವನೆಂಬ ಷರತ್ತು ಆ ಹಕ್ಕಿಗಿಲ್ಲ. ಆದ್ದರಿಂದ ಮೆಕ್ಸಿಕೊದವರಿಗೆ ಬುದ್ಧಿ ಹೇಳುವ ಮುನ್ನ ನಮ್ಮ ಮದುವೆ ಮನೆಯ, ನಮ್ಮ ಸಮ್ಮೇಳನಗಳ ಸ್ಪೀಕರು ಯಾರ ಕಿಟಕಿಗೆ ಮುಖ ಮಾಡಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು.

ಇದೇ ಮಾತು ಮೆಕ್ಸಿಕೊದವರಿಗೆ ಹೊರಗಿನಿಂದ ಬರಬೇಕಾಗಿಯೂ ಇಲ್ಲ. ಬುಡಕಟ್ಟು ಮೂಲದಿಂದ ಬಂದು ರಾಷ್ಟ್ರಾಧ್ಯಕ್ಷರಾದ ಬೆನಿತೋ ಹುವಾರೆಸ್, ಫ್ರೆಂಚ್ ಆಕ್ರಮಣವನ್ನು ಸೋಲಿಸಿ 1867ರಲ್ಲಿ ರಾಜಧಾನಿಗೆ ಮರಳಿದಾಗ, ಜನರ ನಡುವೆಯಾಗಲಿ ದೇಶಗಳ ನಡುವೆಯಾಗಲಿ ಪರರ ಹಕ್ಕನ್ನು ಗೌರವಿಸುವುದೇ ಶಾಂತಿ ಎಂದು ಸಾರಿದರು. ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತದು. ಹಬ್ಬವನ್ನು ನಿಷೇಧಿಸದೆಯೂ ಅದನ್ನು ಪಾಲಿಸಬಹುದು. ಅನುಮತಿ ಕೊಡುವ ಮೊದಲು ಅಕ್ಕಪಕ್ಕದ ಮನೆಗಳನ್ನು ಕೇಳಬಹುದು. ಮುಗಿಯುವ ಗಂಟೆಯನ್ನು ಬರೆದುಕೊಟ್ಟು ಪಾಲಿಸಬಹುದು. ರೋಗಿಯಿರುವ ಮನೆಯ ಕಡೆಯಿಂದ ಸ್ಪೀಕರನ್ನು ತಿರುಗಿಸಬಹುದು. ಬೀದಿ ವಾದ್ಯಗಾರನಿಗೆ ಜಾಗ, ಸಮಯ ಗೊತ್ತುಮಾಡಿ ಅವನ ಅನ್ನವನ್ನು ಉಳಿಸಬಹುದು. ಇಷ್ಟನ್ನು ಊರವರೇ ಕೂತು ಮಾತಾಡಿ ತೀರ್ಮಾನಿಸಬೇಕು. ಆ ಮಾತುಕತೆಗೆ ಹೋಟೆಲ್ ಮಾಲೀಕರನ್ನೂ ಉತ್ಸವ ಸಮಿತಿಯನ್ನೂ ಕರೆದರೆ ಸಾಲದು. ನಾಳೆ ಬೆಳಗ್ಗೆ ಐದಕ್ಕೆ ಎದ್ದು ಕೆಲಸಕ್ಕೆ ಹೋಗಬೇಕಾದ ಹೆಂಗಸನ್ನೂ ಕರೆಯಬೇಕು.