ರೂವಾರಿ ಮಲ್ಲಿತಮ್ಮ: ಒಬ್ಬನೇ, ಇಬ್ಬರೇ?

ಹೊಯ್ಸಳ ಶಿಲ್ಪವೆಂದೊಡನೆ ನಮ್ಮ ಜನರ ನಾಲಗೆಗೆ ಬರುವ ಹೆಸರು ಜಕಣಾಚಾರಿಯದು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಮನೋಹರವಾದುದೇ ಸರಿ. ಆದರೆ ಆ ಕಥೆಯ ಪ್ರಭೆಯಲ್ಲಿ, ತಮ್ಮ ಹೆಸರನ್ನು ತಾವೇ ಕಲ್ಲಿನಲ್ಲಿ ಕೊರೆದಿಟ್ಟವರು ಮಸುಕಾಗಿಹೋದರು. ಬಳ್ಳಿಗಾವೆಯ ದಾಸೋಜನನ್ನೂ ಅವನ ಮಗ ಚಾವಣನನ್ನೂ ವಿದ್ವಾಂಸರಾದರೂ ನೆನೆಯುತ್ತಾರೆ. ಮಲ್ಲಿತಮ್ಮನಿಗೆ ಅಷ್ಟು ಭಾಗ್ಯವೂ ಇಲ್ಲ.

ಈತನ ಚರಿತ್ರೆಯೆಲ್ಲ ಹಳಗನ್ನಡದ ಕೆಲವು ಅಕ್ಷರಗಳಲ್ಲಿ ಅಡಗಿದೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನು 1196ರಲ್ಲಿ ಕಟ್ಟಿಸಿದ ಅಮೃತಾಪುರದ ದೇಗುಲದಲ್ಲಿ, ಮಂಟಪದ ಭುವನೇಶ್ವರಿಗಳ ಕೆಲಸದಿಂದ ಮಲ್ಲಿತಮ್ಮನ ವೃತ್ತಿ ಆರಂಭವಾಯಿತೆನ್ನುತ್ತಾರೆ. 1246ರಲ್ಲಿ ನುಗ್ಗೇಹಳ್ಳಿ, 1258ರ ಸುಮಾರಿಗೆ ಸೋಮನಾಥಪುರ. ಅಲ್ಲಿ ನಾಲ್ವತ್ತಕ್ಕೂ ಹೆಚ್ಚು ವಿಗ್ರಹಗಳ ಮೇಲೆ ಅವನ ಅಂಕಿತವಿದೆ.

ಅರುವತ್ತೆರಡು ವರ್ಷ! ಇಪ್ಪತ್ತರಲ್ಲಿ ಉಳಿ ಹಿಡಿದವನು ಎಂಬತ್ತೆರಡರಲ್ಲಿಯೂ ಹಿಡಿದಿದ್ದನೆಂದು ನಂಬಬೇಕಾಗುತ್ತದೆ. ಅಸಾಧ್ಯವೆನ್ನಲಾರೆ. ಆದರೆ ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮ ನಾಡಿನಲ್ಲಿ ಹೊಸದಲ್ಲ. ಹಿರಿಯನ ಅಂಕಿತವು ಅವನ ಕೈಕೆಳಗಿನ ಗುಂಪಿಗೆಲ್ಲ ಮುದ್ರೆಯಾಗಿದ್ದಿರಲೂಬಹುದು. ಇವೆರಡನ್ನೂ ಪರಿಶೀಲಿಸದೆ ‘ಒಬ್ಬನೇ’ ಎಂದು ಬರೆಯುತ್ತ ಬಂದಿರುವುದು ವಿಮರ್ಶೆಯ ಲಕ್ಷಣವಲ್ಲ.

ಪರೀಕ್ಷೆಗೆ ನುಗ್ಗೇಹಳ್ಳಿಯೇ ತಕ್ಕ ಸ್ಥಳ. ಅಲ್ಲಿ ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಬೈಚೋಜ ಬಿರುದುಗಳನ್ನು ಹೇಳಿಕೊಳ್ಳುವವನು. ಮಲ್ಲಿತಮ್ಮ ಬರಿಯ ಹೆಸರಿನವನು, ಕೆಲವೆಡೆ ಅದನ್ನೂ ಮೊಟಕುಮಾಡಿದವನು. ನನಗೆ ತೋರುವಂತೆ, ಬೈಚೋಜನ ಮೂರ್ತಿಗಳಲ್ಲಿ ನಿಲುವಿನ ಗಾಂಭೀರ್ಯ ಮೊದಲು ಕಾಣುತ್ತದೆ. ಮಲ್ಲಿತಮ್ಮನಲ್ಲಿ ಆಭರಣ ಮೊದಲು, ಮೈ ಆಮೇಲೆ. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ ಬಳಪದ ಕಲ್ಲು ಇಂಥ ಕುಸುರಿಗೆ ಒಲಿದು ಕೊಡುತ್ತದೆ, ಕೆಲವೊಮ್ಮೆ ಅತಿಯಾಗಿಯೇ. ಸೋಮನಾಥಪುರದಲ್ಲಿ ಈ ಅತಿ ಇನ್ನೂ ಬೆಳೆದಿದೆ. ಅದು ಒಬ್ಬನ ಮುಪ್ಪಿನ ಅಭ್ಯಾಸವೋ, ಅನುಕರಿಸಿದ ಕೈಗಳ ಉತ್ಸಾಹವೋ? ನನ್ನ ಒಲವು ಎರಡನೆಯದರತ್ತ.

ಆರ್. ನರಸಿಂಹಾಚಾರ್ಯರು 1917ರಲ್ಲಿಯೇ ಸೋಮನಾಥಪುರದ ಮೇಲೆ ಪ್ರತ್ಯೇಕ ಗ್ರಂಥವನ್ನು ರಚಿಸಿ ದಾರಿ ತೋರಿದರು. ಇನ್ನು ಮೂರೂ ಊರುಗಳ ಅಂಕಿತಗಳ ಅಚ್ಚು ತೆಗೆದು, ಲಿಪಿಯ ತಿರುವುಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರಗಳು ಸೇರಿದವು. ಅಮೃತಾಪುರವೂ ನುಗ್ಗೇಹಳ್ಳಿಯೂ ಅದರಲ್ಲಿಲ್ಲ. ರಜೆಗೆ ಊರಿಗೆ ಹೋಗುವ ನಮ್ಮವರು ಹಾದಿ ತುಸು ಬಳಸಾದರೂ ಆ ಎರಡು ಊರುಗಳನ್ನು ಮೊದಲು ನೋಡಿ, ಆಮೇಲೆ ಸೋಮನಾಥಪುರಕ್ಕೆ ಹೋಗುವುದು ಲೇಸು.