‘ಗಡಿ’ಯೂ ‘ಕಡೆ’ಯೂ

ಕನ್ನಡಿಗರಿಬ್ಬರು ಮೊದಲ ಸಲ ಭೇಟಿಯಾದಾಗ, ಹೆಸರು ಕೇಳುವುದಕ್ಕೂ ಮುಂಚೆ ಕೇಳುವ ಪ್ರಶ್ನೆಯೊಂದಿದೆ: “ತಮ್ಮದು ಯಾವ ಕಡೆ?” ನಾನು ವಾಸವಾಗಿರುವ ದೀಪಾಂಜಲಿ ನಗರದಲ್ಲಿ ಈ ಪ್ರಶ್ನೆ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯ ಮಗ್ಗುಲಿಗೆ ಇರುವ ಬಡಾವಣೆ ಇದು. ಸ್ಯಾಟಲೈಟ್ ಬಸ್ ನಿಲ್ದಾಣ ಇಲ್ಲಿಗೆ ಹತ್ತಿರ. ಶನಿವಾರ ಸಂಜೆಯಾಯಿತೆಂದರೆ ಅರ್ಧ ಬಡಾವಣೆಯೇ ಚೀಲ ಹಿಡಿದು “ಊರಿಗೆ” ಹೊರಟು ನಿಲ್ಲುತ್ತದೆ; ಸೋಮವಾರ ಬೆಳಗ್ಗೆ ರಾಗಿಹಿಟ್ಟು, ಅವರೆಕಾಯಿ, ತೆಂಗಿನಕಾಯಿಗಳ ಸಮೇತ ಮರಳುತ್ತದೆ. ಮಾಗಡಿ ಕಡೆ, ಮದ್ದೂರು ಕಡೆ, ಕುಣಿಗಲ್ ಕಡೆ ಎನ್ನುವುದು ಅವರು ಕೊಡುವ ವಿಳಾಸ. ಜಿಲ್ಲೆಯ ಹೆಸರನ್ನು ಹೇಳುವವರು ವಿರಳ.

‘ಕಡೆ’ ಎಂಬ ಈ ಶಬ್ದವನ್ನು ಸ್ವಲ್ಪ ನಿಂತು ನೋಡಬೇಕು. ಅದಕ್ಕೆ ದಿಕ್ಕು ಎಂದೂ ಅರ್ಥ, ಪಕ್ಕ ಎಂದೂ ಅರ್ಥ, ಕೊನೆ ಎಂದೂ ಅರ್ಥ. ಮಾತಾಡುವವನು ನಿಂತ ನೆಲದಿಂದ ಅದು ಹೊರಡುತ್ತದೆ. ಎಲ್ಲಿ ಮುಗಿಯುತ್ತದೆಂದು ಅದಕ್ಕೇ ಗೊತ್ತಿರುವುದಿಲ್ಲ. ‘ಗಡಿ’ ಹಾಗಲ್ಲ. ಅದಕ್ಕೆ ಕಲ್ಲು ಬೇಕು, ಸರ್ವೆಯವರ ಸರಪಳಿ ಬೇಕು, ಸರ್ಕಾರದ ಗೆಜೆಟ್ಟು ಬೇಕು. ಗಡಿಯ ಬಳಿ ಇರುವವನು ಒಳಗಿನವನು, ಇಲ್ಲವೆ ಹೊರಗಿನವನು. ನಮ್ಮ ಒಳ್ಳೆಯ ಬರಹಗಾರರು ನಾಡನ್ನು ಕಂಡದ್ದು ‘ಕಡೆ’ಯಾಗಿ; ನಮ್ಮ ವಿಮರ್ಶೆ ಅವರನ್ನು ಓದುತ್ತ ಬಂದದ್ದು ‘ಗಡಿ’ಗಳ ಒಳಗೆ ಇಟ್ಟು. ಇದರಿಂದ ನಮಗೆ ಆಗಿರುವ ನಷ್ಟವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಜನರ ಭೂಗೋಳ ಪಠ್ಯಪುಸ್ತಕದ ಭೂಗೋಳಕ್ಕೆ ಒಗ್ಗುವುದಿಲ್ಲ. ಮಂಗಳೂರಿನ ಕಡೆಯವರಿಗೆ ಸಹ್ಯಾದ್ರಿಯ ಈಚೆ ಇರುವವರೆಲ್ಲ ‘ಘಟ್ಟದವರು’. ಹಾಸನದವನೂ ಅವನೇ, ಬಳ್ಳಾರಿಯವನೂ ಅವನೇ. ಧಾರವಾಡದವರಿಗೆ ತುಂಗಭದ್ರೆ ದಾಟಿದರೆ ‘ಮೈಸೂರು ಕಡೆ’. ಬೆಂಗಳೂರಿನ ನಾವು ಬೀದರಿನವರನ್ನೂ ಬೆಳಗಾವಿಯವರನ್ನೂ, ನಡುವಣ ನೂರಾರು ಮೈಲಿಗಳನ್ನು ಲೆಕ್ಕಿಸದೆ, ‘ಹುಬ್ಬಳ್ಳಿ ಕಡೆಯವರು’ ಎಂದುಬಿಡುತ್ತೇವೆ. ದಾವಣಗೆರೆಯವರು ಬೆಂಗಳೂರಿಗೆ ಬಂದರೆ ಉತ್ತರದವರು, ಹುಬ್ಬಳ್ಳಿಗೆ ಹೋದರೆ ದಕ್ಷಿಣದವರು. ಇರವನ್ನು ಹೇಳುವ ಒಂದೇ ಒಂದು ಕ್ರಿಯಾಪದವನ್ನು ಹಿಡಿದು ಹೊರಟರೂ ಸಾಕು, ನಾಡಿನ ನಕ್ಷೆ ಬಿಚ್ಚಿಕೊಳ್ಳುತ್ತದೆ: ಇದೆ, ಐತೆ, ಐತಿ, ಅದ, ಉಂಟು. ಒಂದು ಎಲ್ಲಿ ನಿಂತು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂದು ಕಲ್ಲು ನೆಟ್ಟು ತೋರಿಸಲು ಯಾವ ಪಂಡಿತನಿಂದಲೂ ಆಗದು.

ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ‘ಕವಿರಾಜಮಾರ್ಗ’ಕ್ಕೆ ಈ ಸಂಗತಿ ಗೊತ್ತಿತ್ತು. ಒಂಬತ್ತನೆಯ ಶತಮಾನದ ಆ ಕೃತಿ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಎಲ್ಲೆ ಹೇಳಿದ್ದನ್ನು ನಾವು ಪ್ರತಿ ನವೆಂಬರಿನಲ್ಲಿಯೂ ನೆನೆಯುತ್ತೇವೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನೆಲ ಕನ್ನಡದ ತಿರುಳು ಎಂದದ್ದನ್ನೂ ವೇದಿಕೆಗಳಲ್ಲಿ ಕೇಳುತ್ತೇವೆ. ಆದರೆ ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ: ಒಳನಾಡುಗಳ ದೇಸಿ ಬೇರೆಬೇರೆಯಾಗಿರುವುದರಿಂದ ಅದರ ದೋಷಗಳನ್ನು ಇಷ್ಟೇ ಎಂದು ಅರಿಯಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬರುತ್ತದಂತೆ. ಹೊರಗಿನ ಎಲ್ಲೆಯನ್ನು ಎರಡು ನದಿಗಳಲ್ಲಿ ಹೇಳಿ ಮುಗಿಸಿದ ಶಾಸ್ತ್ರಕಾರ, ಒಳಗಿನ ಭೇದಗಳ ಮುಂದೆ ನಿಂತಾಗ ಕೈಚೆಲ್ಲುತ್ತಾನೆ. ಇದು ಸೋಲಲ್ಲ, ವಿವೇಕ. ಈ ಎರಡನೆಯ ಮಾತನ್ನು ನಾವು ನವೆಂಬರಿನಲ್ಲಿ ನೆನೆಯುವುದಿಲ್ಲ.

ನಾವು ಮಾಡಿದ್ದೇನು? ರಾಜ್ಯ 1956ರಲ್ಲಿ ಒಂದಾಯಿತು. ಸಾಹಿತ್ಯದ ಚರ್ಚೆಯಲ್ಲಿ ಮಾತ್ರ ಹಳೆಯ ಆಡಳಿತಗಳ ಹೆಸರುಗಳು ಉಳಿದುಕೊಂಡವು. ಹೈದರಾಬಾದ್ ಕರ್ನಾಟಕದ ಕಥೆ, ಮುಂಬಯಿ ಕರ್ನಾಟಕದ ಕಾದಂಬರಿ, ಹಳೆ ಮೈಸೂರಿನ ಪ್ರಬಂಧ ಎಂದು ಕಪಾಟಿನ ಅರೆಗಳನ್ನು ಮಾಡಿದೆವು. ಮೊದಲನೆಯದು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು, ಎರಡನೆಯದು 2021ರಲ್ಲಿ ಕಿತ್ತೂರು ಕರ್ನಾಟಕವಾಯಿತು. ದೂರದ ದೊಡ್ಡ ನಗರದ ಹೆಸರನ್ನು ಕಳಚಿ ತನ್ನ ನೆಲದ ನೆನಪನ್ನು ತೊಡುವ ಆಸೆ ಇವೆರಡರಲ್ಲಿಯೂ ಕಾಣುತ್ತದೆ. ನಮ್ಮ ಹಳೆ ಮೈಸೂರು ಮಾತ್ರ ಹಳೆಯದಾಗಿಯೇ ಉಳಿಯಿತು.

ಬೆಂಗಳೂರಿನ ನೆರೆಯಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಮೊದಲು ಬೆಂಗಳೂರು ಜಿಲ್ಲೆಯವು; 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋದವು; 2007ರಲ್ಲಿ ರಾಮನಗರ ಜಿಲ್ಲೆಯಾದವು; 2025ರಲ್ಲಿ ಸರ್ಕಾರ ಆ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಬೆಂಗಳೂರಿನ ಹೆಸರಿದ್ದರೆ ಬಂಡವಾಳ ಬರುತ್ತದೆ, ನೆಲಕ್ಕೆ ಬೆಲೆ ಬರುತ್ತದೆ ಎಂದವರುಂಟು. ಊರಿನ ಹೆಸರು ಹೋಯಿತೆಂದು ನೊಂದವರೂ ಉಂಟು. ನನ್ನ ಕುತೂಹಲ ದಿಕ್ಕಿನದು. ಮಾಗಡಿ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ. ಜಿಲ್ಲೆಯಲ್ಲಿ ಅದು ಬೆಂಗಳೂರು ದಕ್ಷಿಣ. ಲೋಕಸಭೆಯ ಚುನಾವಣೆ ಬಂದರೆ ಬೆಂಗಳೂರು ಗ್ರಾಮಾಂತರ. ನಮ್ಮ ದೀಪಾಂಜಲಿ ನಗರದ ಮತ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ. 2025ರಲ್ಲಿ ನಗರಾಡಳಿತವನ್ನು ಐದು ಪಾಲಿಕೆಗಳಾಗಿ ಒಡೆದ ಮೇಲೆ ಕಸ ಗುಡಿಸುವ ಹೊಣೆ ಪಶ್ಚಿಮ ಪಾಲಿಕೆಯದು. ದಿಕ್ಸೂಚಿಗೆ ತಲೆತಿರುಗುವಂಥ ಈ ವ್ಯವಸ್ಥೆಯ ನಡುವೆ ಬಸ್ಸಿನಲ್ಲಿ ಕುಳಿತ ಮುದುಕಿ “ನಮ್ದು ಮಾಗಡಿ ಕಡೆ ಕಣಪ್ಪ” ಎಂದರೆ ಎಲ್ಲವೂ ಸರಿಹೋಗುತ್ತದೆ. ವಿಜಯನಗರದ ಬಳಿ ಮಾಗಡಿ ರಸ್ತೆಯಲ್ಲಿ ‘ಟೋಲ್‌ಗೇಟ್’ ಎಂಬ ಬಸ್ ನಿಲುಗಡೆ ಇಂದಿಗೂ ಇದೆ. ಗೇಟು ಹೋಗಿ ಹೆಸರು ಉಳಿದಿದೆ. ಒಂದು ಕಾಲಕ್ಕೆ ಪಟ್ಟಣದ ಅಂಚು ಎನಿಸಿದ್ದ ಆ ಜಾಗ ಈಗ ನಗರದ ಹೊಟ್ಟೆಯೊಳಗಿದೆ.

ಈ ಅಂಚಿನ ನೆಲ ಕನ್ನಡಕ್ಕೆ ಕೊಟ್ಟ ಇಬ್ಬರನ್ನು ಇಲ್ಲಿ ನೆನೆಯಬೇಕು. ಮೊದಲನೆಯವರು ರಾಮನಗರದಲ್ಲಿ ಹುಟ್ಟಿದ ಜಿ. ಪಿ. ರಾಜರತ್ನಂ. ಆ ಊರಿನ ಅಂದಿನ ಹೆಸರು ಕ್ಲೋಸ್‌ಪೇಟೆ. ‘ರತ್ನನ ಪದಗಳು’ ಯಾವ ಸೀಮೆಯ ಕಾವ್ಯವೆಂದು ನಮ್ಮ ವಿಮರ್ಶೆ ಗಟ್ಟಿಯಾಗಿ ಕೇಳಿದ್ದು ಕಡಮೆ. ಹೆಂಡ, ಹೆಂಡತಿ, ಕನ್ನಡ ಎಂಬ ಮೂರು ವಸ್ತುಗಳನ್ನು ಎಣಿಸಿ, ಲಘುವೋ ಗಂಭೀರವೋ ಎಂದು ತೂಗಿ, ಸುಮ್ಮನಾದೆವು. ಹಕಾರವನ್ನು ನುಂಗುವ, ಒತ್ತಕ್ಷರಗಳನ್ನು ಹತ್ತಿರ ಹತ್ತಿರ ಒತ್ತುವ ಆ ನುಡಿ ಮೈಸೂರು ರಸ್ತೆಯ ಎರಡು ಬದಿಯ ಹಳ್ಳಿಗಳಲ್ಲಿ ಇಂದಿಗೂ ಕೇಳುವಂಥದು. ರತ್ನ ತನ್ನ ವಿಳಾಸ ಹೇಳುವುದಿಲ್ಲ. ಮಡಿಕೇರಿಯ ಮಂಜನ್ನು ಕಂಡು ಹಾಡಿದಾಗಲೂ ಅವನ ನಾಲಗೆ ಬದಲಾಗುವುದಿಲ್ಲ. ನೆಲವನ್ನು ಬಾಯೊಳಗೆ ಇಟ್ಟುಕೊಂಡು ತಿರುಗುವವನು ಅವನು. ‘ಕಡೆ’ ಎಂದರೆ ಇದೇ.

ಆದರೆ ಈ ಪದಗಳನ್ನು ಮೆಚ್ಚುತ್ತಲೇ ಒಂದು ಅನುಮಾನವನ್ನು ಮುಂದಿಡಬೇಕಾಗಿದೆ. ಇಂಥ ನುಡಿ ಕಾವ್ಯದ ಹಜಾರಕ್ಕೆ ಬರುವುದಕ್ಕೆ ಕುಡುಕನ ವೇಷವನ್ನೇ ಏಕೆ ಹಾಕಬೇಕಾಯಿತು? ಎಚ್ಚರದಲ್ಲಿರುವ ರೈತನೊಬ್ಬ, ಅಂಗಡಿಯವನೊಬ್ಬ, ಹಡೆದ ತಾಯಿಯೊಬ್ಬಳು ಅದೇ ನುಡಿಯಲ್ಲಿ ಅಷ್ಟೇ ಆಳವಾದ ಮಾತನ್ನು ಆಡಬಹುದಿತ್ತಲ್ಲ? ಅಮಲಿನ ರಿಯಾಯಿತಿಯಿಂದ ಒಳಗೆ ಬಂದ ನುಡಿಯನ್ನು ನಗರದ ಓದುಗ ನಕ್ಕು ಸ್ವೀಕರಿಸಿದ. ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ ಕೇಳಿ ಕಣ್ಣೀರನ್ನೂ ಹಾಕಿದ. ಮನೆಗೆ ಹೋಗಿ ತನ್ನ ಮಗುವಿನ ಬಾಯಿಂದ ಅದೇ ನುಡಿ ಬಂದರೆ ತಿದ್ದಿದ. ತಪ್ಪು ರಾಜರತ್ನಂ ಅವರದಲ್ಲ. ಬಾಗಿಲನ್ನು ತೆರೆದವರು ಅವರು. ಮುಂಬಾಗಿಲು ಆಗ ಮುಚ್ಚಿತ್ತು ಎಂಬುದನ್ನು ನಾವು ಮರೆಯಬಾರದು, ಅಷ್ಟೆ.

ಎರಡನೆಯವರು ಸಿದ್ಧಲಿಂಗಯ್ಯ. ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಬೆಳೆದದ್ದು ಬೆಂಗಳೂರಿನ ಶ್ರೀರಾಮಪುರದಲ್ಲಿ. ಅವರ ಆತ್ಮಕಥೆಯ ಹೆಸರೇ ಒಂದು ಎಲ್ಲೆ: ‘ಊರು–ಕೇರಿ’. ಎತ್ತುಗಳ ಜಾಗದಲ್ಲಿ ತಂದೆಯ ಹೆಗಲ ಮೇಲೆ ನೊಗವಿದ್ದುದನ್ನು ಹುಡುಗ ಕಂಡ ಆ ಪ್ರಸಂಗವನ್ನು ಓದಿದವರು ಮರೆಯಲಾರರು. ಆಮೇಲೆ ಕುಟುಂಬ ಬೆಂಗಳೂರಿಗೆ ಬರುತ್ತದೆ. ಹಳ್ಳಿಯ ಗಡಿ ದಾಟಿತು, ತಾಲ್ಲೂಕಿನ ಗಡಿ ದಾಟಿತು, ನಗರದ ಗಡಿಯೂ ದಾಟಿತು. ‘ಕೇರಿ’ ಮಾತ್ರ ಬೆನ್ನು ಬಿಡಲಿಲ್ಲ. ಬೆಂಗಳೂರು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಈ ಪುಸ್ತಕ ಕೊಡುವ ಉತ್ತರ ಭೂಪಟದಲ್ಲಿ ಸಿಗುವಂಥದಲ್ಲ: ಯಾರು ಬರುತ್ತಿದ್ದಾರೆ ಎಂಬುದರ ಮೇಲೆ ಅದು ಎಲ್ಲಿಂದಲಾದರೂ ಆರಂಭವಾಗಬಹುದು, ಕೆಲವರಿಗೆ ಆರಂಭವಾಗದೆಯೇ ಇರಬಹುದು. ಸಿದ್ಧಲಿಂಗಯ್ಯನವರ ಗದ್ಯ ಬಹುಮಟ್ಟಿಗೆ ಸರಳವಾದ ಶಿಷ್ಟ ಕನ್ನಡ. ನಗುತ್ತ ನಗುತ್ತ ಇರಿಯುವ ಗದ್ಯ. ಆದ್ದರಿಂದ ಪ್ರಾದೇಶಿಕತೆಯೆಂದರೆ ಉಚ್ಚಾರಣೆಯ ವೈಚಿತ್ರ್ಯ ಮಾತ್ರ ಎಂದು ತಿಳಿಯುವ ವಿಮರ್ಶೆಗೆ ಈ ಕೃತಿ ಮಾಗಡಿಯದಾಗಿ ಕಾಣುವುದೇ ಇಲ್ಲ. ದಲಿತ ಸಾಹಿತ್ಯ ಎಂಬ ಅರೆಯಲ್ಲಿಟ್ಟು ಗೌರವಿಸಿದೆವು. ಅದು ಬೆಂಗಳೂರಿನ ಪಶ್ಚಿಮ ದಿಕ್ಕಿನ ಚರಿತ್ರೆಯೂ ಹೌದೆಂದು ಓದಲಿಲ್ಲ.

ಈ ಎರಡು ಕೃತಿಗಳನ್ನು ಜೊತೆಗಿಟ್ಟಾಗ ‘ಕಡೆ’ಯೂ ಮುಗ್ಧವಾದ ಶಬ್ದವಲ್ಲ ಎಂಬುದು ತಿಳಿಯುತ್ತದೆ. “ಯಾವ ಕಡೆಯವರು?” ಎಂಬ ಪ್ರಶ್ನೆಯ ಹಿಂದೆ “ಯಾವ ಜನ?” ಎಂಬ ಇನ್ನೊಂದು ಪ್ರಶ್ನೆ ಅನೇಕ ಸಲ ಬಚ್ಚಿಟ್ಟುಕೊಂಡಿರುತ್ತದೆ. ನಮ್ಮ ಬಡಾವಣೆಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗೆಯೇ ‘ಗಡಿ’ಯಿಂದ ಪ್ರಯೋಜನವಿಲ್ಲವೆಂದೂ ನಾನು ಹೇಳಲಾರೆ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಎಣಿಸಿ ತೋರಿಸಿತು. ಸಂವಿಧಾನದ 371 (ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕದ ಹುಡುಗರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ದೊರೆಯಿತು. ಗೆರೆ ಎಳೆಯದೆ ಇಂಥ ನ್ಯಾಯವನ್ನು ಹಂಚಲಾಗುತ್ತಿರಲಿಲ್ಲ. ಆಡಳಿತಕ್ಕೆ ಗಡಿ ಬೇಕು. ಆಡಳಿತದ ಉಪಕರಣವನ್ನು ಎರವಲು ತಂದು ಸಾಹಿತ್ಯವನ್ನು ಅಳೆಯುವುದಷ್ಟೇ ನನ್ನ ತಕರಾರು.

ಇದೇ ಮೈಸೂರು ರಸ್ತೆಯನ್ನು ಹಿಡಿದು ಮೈಸೂರನ್ನೂ ದಾಟಿ ಹೋದರೆ ನಂಜನಗೂಡು. ಆ ಸೀಮೆಯ ದೇವನೂರ ಮಹಾದೇವರು ‘ಕುಸುಮಬಾಲೆ’ಯಲ್ಲಿ ತಮ್ಮ ನೆಲದ ನುಡಿಗೆ ಕುಡುಕನ ವೇಷ ಹಾಕಿಸಲಿಲ್ಲ, ಪಾತ್ರಗಳ ಮಾತಿಗೆ ಮಾತ್ರ ಮೀಸಲಿಟ್ಟು ನಿರೂಪಣೆಯನ್ನು ಶಿಷ್ಟದಲ್ಲಿ ಕಾಪಾಡಿಕೊಳ್ಳಲೂ ಇಲ್ಲ. ಓದಲು ಕಷ್ಟವೆಂಬ ದೂರು ಬಂತು. 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂತು. ಆ ದೂರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಓದುಗನಿಗೆ ಕಷ್ಟವಾದದ್ದು ನಿಜ. ತನ್ನ ನಾಡಿನೊಳಗೇ ತಾನು ಹೊರಗಿನವನಾಗುವ ಅನುಭವ ಅದು. ನಗರಕ್ಕೆ ಬಂದ ಹಳ್ಳಿಯ ಹುಡುಗನಿಗೆ ಪ್ರತಿದಿನವೂ ಆಗುವ ಅನುಭವ ಅದೇ ಎಂಬುದನ್ನು ಮಾತ್ರ ನಾವು ಜ್ಞಾಪಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳುವ ಅಧಿಕಾರ ನನಗಿದೆಯೆ ಎಂದು ಸಂಕೋಚವಾಗುತ್ತದೆ. ಕೆಲವು ವರ್ಷಗಳ ಹಿಂದೆ ಮೊದಲ ವರ್ಷದ ಬಿ.ಕಾಂ. ತರಗತಿಯಲ್ಲಿ ಒಬ್ಬ ಹುಡುಗ ಎದ್ದುನಿಂತು, “ಈ ಪದ್ಯದಲ್ಲಿ ಇನ್ನೊಂದು ಅರ್ಥ ಐತೆ ಸಾರ್” ಎಂದ. ಅರ್ಥ ಏನೆಂದು ಕೇಳುವ ಬದಲು ನಾನು, “ಐತೆ ಅಲ್ಲಪ್ಪಾ, ಇದೆ ಅನ್ನು” ಎಂದೆ. ತರಗತಿ ನಕ್ಕಿತು. ಹುಡುಗ “ಇದೆ ಸಾರ್” ಎಂದು ಕುಳಿತ. ಆ ವರ್ಷವಿಡೀ ಮತ್ತೆ ಬಾಯಿ ಬಿಡಲಿಲ್ಲ. ಮೂರು ತಿಂಗಳ ಮೇಲೆ ಅದೇ ತರಗತಿಯಲ್ಲಿ ನಾನು ರಾಜರತ್ನಂ ಅವರ ಪದಗಳನ್ನು ಅಭಿನಯಪೂರ್ವಕವಾಗಿ ಓದಿದೆ. ಪಾಠ ಮುಗಿದಾಗ ಚಪ್ಪಾಳೆ ಬಿತ್ತು. ಆ ಹುಡುಗ ತಲೆ ತಗ್ಗಿಸಿ ಪುಸ್ತಕವನ್ನೇ ನೋಡುತ್ತಿದ್ದ. ಹೊರಗೆ ಸಿಕ್ಕಾಗ, “ನಿನ್ನದು ಯಾವ ಕಡೆಯಪ್ಪಾ?” ಎಂದು ಕೇಳಿದೆ. “ಬೆಂಗಳೂರೇ ಸಾರ್” ಎಂದ. ಪ್ರತಿ ಶನಿವಾರ ಅವನು ಮಾಗಡಿಯ ಬಸ್ಸು ಹತ್ತುವುದನ್ನು ನಾನು ಆಮೇಲೆ ಕಂಡೆ.

ಆ ಪದ್ಯದ ಇನ್ನೊಂದು ಅರ್ಥ ಏನೆಂಬುದು ನನಗೆ ಇಂದಿಗೂ ತಿಳಿಯದು. ಗೆಜೆಟ್ಟಿನಲ್ಲಿ ಪ್ರಕಟವಾಗದ ಇಂಥ ಗಡಿಗಳನ್ನು ಎಳೆದವರಲ್ಲಿ ಕನ್ನಡದ ಮೇಷ್ಟರುಗಳಾದ ನಾವೂ ಸೇರಿದ್ದೇವೆ. ಬೆಂಗಳೂರಿನ ಸುತ್ತಣ ನೆಲ ಬಡಾವಣೆಯಾಗುವುದನ್ನು ತಡೆಯುವುದು ಸಾಹಿತ್ಯದ ಕೈಯಲ್ಲಿಲ್ಲ. ಆದರೆ ಮಾಗಡಿ, ಕನಕಪುರ, ಚನ್ನಪಟ್ಟಣಗಳ ಕಡೆಯಿಂದ ನಾಳೆ ಬರುವ ಕಥೆಗಾರ ತನ್ನ ‘ಐತೆ’ಯನ್ನು ಸ್ಯಾಟಲೈಟ್ ನಿಲ್ದಾಣದಲ್ಲಿಯೇ ಇಳಿಸಿ ಬರಬೇಕೋ ಬೇಡವೋ ಎಂಬುದು ಸ್ವಲ್ಪಮಟ್ಟಿಗಾದರೂ ನಮ್ಮ ಕೈಯಲ್ಲಿದೆ. ಈಗ ನಾನು ಪ್ರತಿ ಜೂನ್–ಜುಲೈನಲ್ಲಿ ಹೊಸ ತರಗತಿಗೆ ಹೋದಾಗ ಮೊದಲು ನನ್ನ ಕಡೆ ಯಾವುದೆಂದು ಹೇಳಿ, ಅಲ್ಲಿಯ ನುಡಿಯಲ್ಲಿ ನಾಲ್ಕು ಮಾತಾಡಿ, ಆಮೇಲೆ ಅವರನ್ನು ಕೇಳುತ್ತೇನೆ. ಮೊದಲ ವಾರ ಎಲ್ಲರೂ ಬೆಂಗಳೂರಿನವರೇ ಆಗಿರುತ್ತಾರೆ. ದಸರಾ ರಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ಊರಿನ ಹೆಸರು ಹೇಳತೊಡಗುತ್ತಾರೆ.